ಬಾಯಿ ಕಟ್ಟಿದ ದಿನಗಳು

ಮಾರ್ಚ್ ೩, ಸೋಮವಾರ

ತೂಕ ಸರಿ.

ಜಾಕಿಯಾದಾಗಿನಿಂದ ಡೈರಿಯಲ್ಲಿ ನಾನು ಬರೆಯುತ್ತ ಬಂದದ್ದು ಇಷ್ಟೇ: ನನ್ನ ತೂಕ, ಯಾವ ಕುದುರೆ, ನೆಲ ಗಟ್ಟಿಯಿತ್ತೋ ಮೆತ್ತಗಿತ್ತೋ, ಎಷ್ಟನೆಯವನಾಗಿ ಬಂದೆ. ಇವತ್ತು ತೂಕ ಬಿಟ್ಟರೆ ಬರೆಯಲು ಏನೂ ಇಲ್ಲ. ಸರ್ಕಾರ ರೇಸ್ ನಿಲ್ಲಿಸಿದೆ.

ಊರ ನಡುವಿನ ಇಷ್ಟು ದೊಡ್ಡ ಜಾಗ ಕುದುರೆಗಳಿಗೆ ಯಾಕೆ, ಜನರಿಗೆ ಉದ್ಯಾನ ಮಾಡಿಕೊಡುತ್ತೇವೆ, ರೇಸ್ ಬೇಕಾದವರು ಊರಾಚೆ ಹೊಸ ಮೈದಾನ ಕಟ್ಟಿಕೊಳ್ಳಲಿ, ಅದಾಗುವ ತನಕ ಎಲ್ಲ ಬಂದ್. ಮಂತ್ರಿಗಳು ಟಿವಿಯಲ್ಲಿ ಹೇಳಿದ್ದು ಇಷ್ಟು. ಹೇಳುವಾಗ ಹೊಟ್ಟೆಯ ಮೇಲೆ ಅಂಗಿಯ ಗುಂಡಿ ಕಿತ್ತು ಬರುವ ಹಾಗಿತ್ತು. ಆ ಹೊಟ್ಟೆಯನ್ನು ಹೊತ್ತು ಓಡಲು ಯಾವ ಕುದುರೆಯೂ ಒಪ್ಪಲಿಕ್ಕಿಲ್ಲ.

ಸಂಜೆ ನಮ್ಮ ಟ್ರೈನರ್ ಎಲ್ಲರನ್ನೂ ಲಾಯದ ಅಂಗಳಕ್ಕೆ ಕರೆದು, ಕೋರ್ಟಿಗೆ ಹೋಗುತ್ತಿದ್ದೇವೆ, ಮುಂದಿನ ವಾರವೇ ತಡೆಯಾಜ್ಞೆ ಸಿಕ್ಕರೂ ಸಿಕ್ಕೀತು, ಯಾರೂ ಮೈ ಬಿಡಬೇಡಿ ಎಂದರು. ಕೊನೆಯ ಮಾತು ಹೇಳುವಾಗ ಅವರ ಕಣ್ಣು ನನ್ನ ಮೇಲೆಯೇ ಇತ್ತು. ನನ್ನದು ನಲವತ್ತು ದಾಟಿದ ಮೈ, ಊಟದ ಸುದ್ದಿ ಕೇಳಿದರೂ ಊದುತ್ತದೆ. ತಕ್ಕಡಿಯ ಮುಳ್ಳಿಗೆ ನನ್ನ ಅನುಭವವೆಲ್ಲ ಗೊತ್ತಾಗುವುದಿಲ್ಲ. ಜೀನು ತಬ್ಬಿಕೊಂಡು ಹತ್ತಿದಾಗ, ಆ ಕುದುರೆಗೆ ಗೊತ್ತುಮಾಡಿದ ಭಾರವನ್ನು ದಾಟಿದರೆ ಮನೆಗೆ ಹೋಗು ಅನ್ನುತ್ತದೆ, ಅಷ್ಟೇ.

ರೇಸ್ ಇಲ್ಲವಲ್ಲ, ಇನ್ನಾದರೂ ನಮ್ಮ ಜೊತೆ ಕೂತು ಉಣ್ಣಬಹುದಲ್ಲ ಎಂದು ಹೆಂಡತಿ ಕೇಳಿದಳು. ಮುಂದಿನ ವಾರ ಶುರುವಾದರೆ ಏನು ಮಾಡಲಿ ಎಂದೆ.

ಮಾರ್ಚ್ ೭, ಶುಕ್ರವಾರ

ತೂಕ ಸರಿ.

ಕೋರ್ಟಿನಲ್ಲಿ ಸರ್ಕಾರದ ವಕೀಲರು ಸಮಯ ಕೇಳಿದರಂತೆ, ಕೊಟ್ಟರಂತೆ. ಇನ್ನೆರಡು ವಾರ.

ರೇಸ್ ಇಲ್ಲವೆಂದು ಕುದುರೆಯನ್ನು ಲಾಯದಲ್ಲೇ ಕಟ್ಟಿಹಾಕುವಂತಿಲ್ಲ. ಬೆಳಗಿನ ಓಟ ನಡೆದೇ ಇದೆ. ಮುಂಗೋಪಿ ಎಂದು ನಾವು ಕರೆಯುವ ಕಂದು ಹೆಣ್ಣು ಕುದುರೆ ಇವತ್ತು ಕೊನೆಯ ತಿರುವಿನಲ್ಲಿ ತಾನೇ ಕಿವಿ ನಿಮಿರಿಸಿ ವೇಗ ಹಿಡಿದಳು, ಯಾರೋ ಕೂಗಿ ಹುರಿದುಂಬಿಸುತ್ತಿದ್ದಾರೆ ಅನ್ನುವಂತೆ. ಜನ ಕೂತು ನೋಡುವ ಮೆಟ್ಟಿಲುಗಳ ಮೇಲೆ ಒಬ್ಬ ಕಸ ಗುಡಿಸುವವನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಇವಳ ಕಾಲಿನಲ್ಲಿ ಒಂದು ದೊಡ್ಡ ಗೆಲುವು ಇದೆ. ಅದು ನನ್ನ ಕೈಯಲ್ಲೇ ಆಗಬೇಕು. ಅಷ್ಟಾದ ಮೇಲೆ ಬೇಕಾದರೆ ಉದ್ಯಾನ ಮಾಡಿಕೊಳ್ಳಲಿ.

ಮನೆಯಲ್ಲಿ ಹೊಸ ಫಜೀತಿ. ಮೊದಲಾದರೆ ಅಮ್ಮ ಮಗಳು ಇಬ್ಬರೂ ನಾನು ಬರುವ ಮುಂಚೆಯೇ ಉಂಡು, ಪಾತ್ರೆ ತೊಳೆದು, ಕಿಟಕಿ ತೆರೆದಿಡುತ್ತಿದ್ದರು, ವಾಸನೆ ನನ್ನ ಮೂಗಿಗೆ ಬೀಳದಿರಲಿ ಎಂದು. ಈಗ ಮೂರು ಹೊತ್ತೂ ಮನೆಯಲ್ಲೇ ಇರುತ್ತೇನೆ. ಅವರು ಕಳ್ಳರ ಹಾಗೆ ಗಬಗಬ ಉಣ್ಣುತ್ತಾರೆ, ನಾನು ಗೋಡೆ ನೋಡುತ್ತೇನೆ.

ಗುಬ್ಬಿ ಮಾತ್ರ ನನ್ನನ್ನೇ ನೋಡುತ್ತಾಳೆ. ಹದಿಮೂರಕ್ಕೆ ಬಿದ್ದರೂ ಮಗಳನ್ನು ಆ ಹೆಸರಿನಿಂದಲೇ ಕರೆಯುವುದು. ನೀನು ಹೇಗೆ ತಡೆಯುತ್ತೀ ಅಪ್ಪಾ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ನನ್ನ ವಿದ್ಯೆಯ ಬಗ್ಗೆ ಈ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಖುಷಿಯಾಯಿತು. ಹಸಿವು ಅನ್ನುವುದು ಕುದುರೆ ಇದ್ದ ಹಾಗೆ, ನೀನು ಹೆದರಿದೆ ಅಂತ ಗೊತ್ತಾದರೆ ತಲೆ ಮೇಲೆ ಹತ್ತುತ್ತದೆ ಎಂದು ಹೇಳಿ, ನಮ್ಮ ಕಸುಬಿನ ಒಂದೆರಡು ಗುಟ್ಟು ಹೇಳಿಕೊಟ್ಟೆ. ಬೇಗ ಕಲಿಯುತ್ತಾಳೆ.

ಮಾರ್ಚ್ ೧೬, ಭಾನುವಾರ

ತೂಕ ಸರಿ.

ಹೆಂಡತಿಯ ತಮ್ಮ ಬಂದಿದ್ದ. ಸರ್ಕಾರಿ ಕಚೇರಿಯಲ್ಲಿದ್ದಾನೆ, ಹಾಗಾಗಿ ಸರ್ಕಾರ ಮಾಡಿದ್ದೆಲ್ಲ ತನ್ನ ಅಪ್ಪಣೆ ಕೇಳಿಯೇ ಮಾಡಿದ್ದು ಅನ್ನುವ ಹಾಗೆ ಮಾತಾಡುತ್ತಾನೆ. ರೇಸಿನ ಜೂಜಿನಿಂದ ಎಷ್ಟು ಮನೆ ಹಾಳಾಗಿದೆ ಗೊತ್ತಾ ಭಾವ, ಈ ನೀತಿ ಬಂದದ್ದೇ ತಡವಾಯಿತು ಎಂದ. ನಾನು ಜೂಜಾಡುವವನಲ್ಲ, ಸವಾರಿ ಮಾಡುವವನು ಎಂದೆ. ನೀವು ಓಡಿಸದಿದ್ದರೆ ಅವರು ಯಾವುದರ ಮೇಲೆ ಆಡುತ್ತಿದ್ದರು ಎಂದು ಕೇಳಿದ. ಆ ಕ್ಷಣಕ್ಕೆ ಬಾಯಿಗೆ ಉತ್ತರ ಬರಲಿಲ್ಲ. ಈಗಲೂ ಬಂದಿಲ್ಲ, ಅದಕ್ಕೇ ಸಿಟ್ಟು.

ಹೊಸ ಉದ್ಯಾನದ ಒಂದು ಮೂಲೆಯಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಶಾಲೆ ಬರುತ್ತದಂತೆ. ಅಲ್ಲಿ ಕಲಿಸುವವರು ಬೇಕು, ನಿಮ್ಮ ಹೆಸರು ಹೇಳಲಾ ಎಂದ. ಡುಮ್ಮ ಮಕ್ಕಳನ್ನು ಮುದಿ ಕುದುರೆ ಮೇಲೆ ಕೂರಿಸಿ ಗಾಣದೆತ್ತಿನ ಹಾಗೆ ಸುತ್ತುವುದಕ್ಕೆ ನಾನೇ ಬೇಕಾ ಎಂದೆ. ಹೆಂಡತಿ ಮುಖ ಆ ಕಡೆ ತಿರುಗಿಸಿದಳು.

ಅವನು ತಂದ ಕೇಕನ್ನು ಗುಬ್ಬಿ ಮುಟ್ಟಲೂ ಇಲ್ಲ. ಹೊಟ್ಟೆ ತುಂಬಿದೆ ಮಾವ ಎಂದು ನಯವಾಗಿ ಹೇಳಿ, ನನ್ನ ಕಡೆ ಕಣ್ಣು ಮಿಟುಕಿಸಿದಳು. ಎಂಥ ಗಟ್ಟಿ ಮನಸ್ಸು. ನನ್ನ ಮಗಳು ಎಂದು ಯಾರಿಗೂ ಹೇಳಬೇಕಾಗಿಲ್ಲ.

ಮಾರ್ಚ್ ೨೯, ಶನಿವಾರ

ತೂಕ ಸ್ವಲ್ಪ ಹೆಚ್ಚು. ಎರಡು ದಿನ ಬರೀ ಚಹಾ.

ಲಾಯ ಖಾಲಿಯಾಗುತ್ತಿದೆ. ಮಾಲೀಕರು ಬೇರೆ ಊರಿನವರಿಗೆ ಕುದುರೆ ಮಾರುತ್ತಿದ್ದಾರೆ. ಮುಂಗೋಪಿಯ ಪಕ್ಕದ ಎರಡೂ ಗೂಡು ಖಾಲಿ. ಅವಳು ಗೋಡೆಗೆ ಒದೆಯುತ್ತಾಳೆ, ಆ ಕಡೆಯಿಂದ ಯಾರಾದರೂ ತಿರುಗಿ ಒದೆಯಲಿ ಎಂದು. ಅವಳನ್ನು ನೋಡಿಕೊಳ್ಳುವ ಸೈಸ್, ನಾವು ಮೀಸೆ ಎಂದು ಕರೆಯುವವನು, ಕುದುರೆಯ ಕತ್ತು ತಿಕ್ಕುತ್ತ ನನಗೆ ಬೆನ್ನು ಹಾಕಿ ನಿಂತಿದ್ದ. ಅಳುತ್ತಿದ್ದ. ನಾನು ನೋಡದವನ ಹಾಗೆ ಬಂದೆ.

ಗುಬ್ಬಿ ತರಗತಿಯಲ್ಲಿ ತೂಕಡಿಸುತ್ತಾಳೆಂದು ಟೀಚರ್ ಹೇಳಿ ಕಳಿಸಿದ್ದಾರೆ. ಬೆಳೆಯುವ ವಯಸ್ಸು, ನಿದ್ದೆ ಜಾಸ್ತಿ. ಇದಕ್ಕೂ ಹೆಂಡತಿ ನನ್ನ ತಲೆ ತಿಂದಳು.

ಏಪ್ರಿಲ್ ೪, ಶುಕ್ರವಾರ

ತೂಕ ಸರಿ. ಕೋರ್ಟು ಮತ್ತೆ ಮುಂದಕ್ಕೆ. ಬರೆಯಲು ಮನಸ್ಸಿಲ್ಲ.

ಏಪ್ರಿಲ್ ೧೯, ಶನಿವಾರ

ತೂಕ ಸರಿ.

ಬಹಳ ದಿನಗಳ ಮೇಲೆ ಮನಸ್ಸು ಹಗುರಾದ ದಿನ. ಗುಬ್ಬಿಯನ್ನು ಲಾಯಕ್ಕೆ ಕರೆದುಕೊಂಡು ಹೋಗಿದ್ದೆ. ಒಂದೇ ಕೈಯಲ್ಲಿ ಎತ್ತಿ ಮುಂಗೋಪಿಯ ಮೇಲೆ ಕೂರಿಸಿಬಿಟ್ಟೆ! ಹೂವಿನ ಹಾಗಿದ್ದಾಳೆ. ಮೀಸೆಯನ್ನು ಕರೆದು ತೋರಿಸಿದೆ. ಹುಟ್ಟುತ್ತಲೇ ಜಾಕಿ ನೋಡು ಎಂದೆ. ಅವನು ನಗಲಿಲ್ಲ. ಮಗು ಊಟ ಮಾಡಿದೆಯಾ ಎಂದು ಕೇಳಿದ. ಅವನದು ಯಾವಾಗಲೂ ಅಡ್ಡ ಮಾತು.

ಮುಂಗೋಪಿ ಕೂಡ ಎಲ್ಲರಿಗೂ ಮಾಡುವ ರಂಪ ಮಾಡಲಿಲ್ಲ, ಬೆನ್ನ ಮೇಲೆ ಯಾರೂ ಇಲ್ಲವೇನೋ ಅನ್ನುವ ಹಾಗೆ ನಿಂತಿದ್ದಳು. ಗುಬ್ಬಿಯ ಮುಖ ಅರಳಿತ್ತು. ನಾನು ನಕ್ಕೂ ಎಷ್ಟು ದಿನವಾಗಿತ್ತೋ, ಮನಸಾರೆ ನಕ್ಕೆ.

ಬರುವಾಗ ದಾರಿಯಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಎರಡು ಸಲ ಕೂತಳು. ಬಿಸಿಲು. ಮನೆಗೆ ಬಂದ ಮೇಲೆ ಯೂನಿಫಾರ್ಮಿನ ಬೆಲ್ಟ್ ತಂದು, ಜಾರುತ್ತದೆ ಅಪ್ಪಾ, ಇನ್ನೊಂದು ತೂತು ಮಾಡಿಕೊಡು ಎಂದಳು. ಜೀನು ಹೊಲಿಯುವ ದಬ್ಬಳದಿಂದ ಅಚ್ಚುಕಟ್ಟಾಗಿ ಮಾಡಿಕೊಟ್ಟೆ.

ಮೇ ೨, ಶುಕ್ರವಾರ

ಗುಬ್ಬಿ ಶಾಲೆಯ ಬೇಸಿಗೆ ಶಿಬಿರದಲ್ಲಿ ಬಿದ್ದಳು. ಬೆಳಗ್ಗೆ ಸಾಲಿನಲ್ಲಿ ನಿಂತವಳು ಹಾಗೇ ಕುಸಿದಳಂತೆ. ಗಲ್ಲ ಒಡೆದಿದೆ.

ಆಸ್ಪತ್ರೆಯ ಡಾಕ್ಟರಮ್ಮ ಅವಳ ತೋಳು, ಬೆರಳು, ಕಣ್ಣಿನ ಒಳಗೆ ಎಲ್ಲ ನೋಡಿ, ನಿಮ್ಮ ಮನೆಯಲ್ಲಿ ಯಾರು ಯಾವಾಗ ಹೇಗೆ ಊಟ ಮಾಡುತ್ತೀರಿ ಎಂದು ಕೇಳಿದರು. ಗಲ್ಲ ಒಡೆದದ್ದಕ್ಕೆ ಅಡುಗೆಮನೆ ವಿಚಾರ ಯಾಕೆ ಅನಿಸಿತು ನನಗೆ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳತೊಡಗಿದಳು. ನಿಲ್ಲಿಸಲೇ ಇಲ್ಲ. ಮಗಳು ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳುವುದು, ಕರವಸ್ತ್ರದಲ್ಲಿ ಕಟ್ಟಿ ಹೊರಗೆ ಎಸೆಯುವುದು, ನಾನಿಲ್ಲದಾಗ ನನ್ನ ತೂಕದ ಯಂತ್ರ ಹತ್ತುವುದು. ಇದೆಲ್ಲ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಪ್ರತಿ ದಿನ ಹೇಳ್ತಿದ್ದೆ ಕಣ್ರೀ. ನೀವು ಗೋಡೆ ನೋಡ್ತಿದ್ರಿ," ಎಂದಳು.

ಡಾಕ್ಟರಮ್ಮ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ಲಾಯದಲ್ಲಿ ಕುದುರೆ ಕೊಳ್ಳಲು ಬಂದವರು ನೋಡುವ ಹಾಗಲ್ಲ, ಬೇಡವೆಂದು ಹೋಗುವವರು ನೋಡುವ ಹಾಗೆ. ಇದು ಹಟ ಅಲ್ಲ, ಕಾಯಿಲೆ, ಗದರಿಸಿದರೆ ಹೆಚ್ಚಾಗುತ್ತದೆ, ವಾರಕ್ಕೊಮ್ಮೆ ಕರೆತನ್ನಿ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು, ತಿಂಗಳುಗಟ್ಟಲೆ ಆಗುತ್ತದೆ ಎಂದರು. ‘ಮನೆಯವರೆಲ್ಲ’ ಅನ್ನುವ ಮಾತನ್ನು ಎರಡು ಸಲ ಹೇಳಿದರು.

ಎಲ್ಲ ಸೇರಿ ನನ್ನನ್ನೇ ಅಪರಾಧಿ ಮಾಡಿದ್ದಾರೆ. ನಾನು ಬಾಯಿ ಕಟ್ಟಿದ್ದು ಯಾರಿಗಾಗಿ? ಇದೇ ಮನೆಯ ಹೊಟ್ಟೆ ತುಂಬಲಿ ಎಂದಲ್ಲವಾ?

ಮೇ ೩, ಶನಿವಾರ

ಮೂವರೂ ಮೇಜಿಗೆ ಕೂತೆವು. ಕೈ ಎಲ್ಲಿಡಬೇಕು ಎಂದು ಕೂಡ ನನಗೆ ತಿಳಿಯಲಿಲ್ಲ, ನೆಂಟರ ಮನೆಗೆ ಬಂದ ಹಾಗೆ. ಗುಬ್ಬಿ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ನಾನು ಒಂದು ತುತ್ತು ಬಾಯಿಗಿಟ್ಟೆ. ಅವಳು ನನ್ನ ಗಂಟಲು ನೋಡಿದಳು. ನುಂಗಿದ್ದು ಖಾತ್ರಿಯಾದ ಮೇಲೆ ತಾನೊಂದು ತುತ್ತು ತೆಗೆದುಕೊಂಡಳು. ಹೀಗೇ ಐದಾರು ತುತ್ತು. ಆಮೇಲೆ ಅಳತೊಡಗಿದಳು, ನಿಲ್ಲಿಸಿದೆವು.

ಅಷ್ಟಕ್ಕೇ ನನ್ನ ಹೊಟ್ಟೆ ಕಲ್ಲು ಕಟ್ಟಿದ ಹಾಗಾಗಿದೆ.

ಮೇ ೧೮, ಭಾನುವಾರ

ಇವತ್ತು ಹೆಂಡತಿ ಈರುಳ್ಳಿ ಹುರಿದಳು. ಮೊದಲು ಎಣ್ಣೆಗೆ ಬಿದ್ದಾಗ ಒಂದು ಸದ್ದು, ಆಮೇಲೆ ಕಣ್ಣಿಗೆ ಖಾರವಾದ ಒಂದು ವಾಸನೆ, ಅಂಚು ಕೆಂಪಾಗುವಾಗ ಸಿಹಿಯಾದ ಇನ್ನೊಂದು ವಾಸನೆ. ಇವೆರಡು ಬೇರೆ ಬೇರೆ ಎಂದು ನನಗೆ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಏನು ಬೇಕು ಎಂದು ಹೆಂಡತಿ ಕೇಳಿದಳು. ಏನಿಲ್ಲ ಎಂದೆ. ಸ್ವಲ್ಪ ಹೊತ್ತಿನ ಮೇಲೆ, ಬಂದದ್ದೇ ಆಯಿತಲ್ಲ, ಈ ಬಟಾಣಿ ಬಿಡಿಸಿ ಎಂದು ಬುಟ್ಟಿ ಕೈಗೆ ಕೊಟ್ಟಳು. ಅವಳ ಮಣಿಕಟ್ಟಿನ ಮೇಲೆ ಸುಟ್ಟ ಕಲೆಗಳಿವೆ, ನಾಲ್ಕೈದು, ಹಳೆಯವು. ಕೇಳಿದ್ದಕ್ಕೆ ನಕ್ಕಳು.

ಗುಬ್ಬಿ ಅರ್ಧ ತಟ್ಟೆ ಉಂಡಳು. ಒಂದು ಗಂಟೆ ಹಿಡಿಯಿತು. ಎರಡು ಸಲ ಎದ್ದು ಹೋಗಿ ಎರಡು ಸಲವೂ ವಾಪಸ್ ಬಂದಳು. ನಾನು ಪೂರ್ತಿ ಉಂಡು, ಅವಳಿಗೆ ಜೊತೆಯಾಗಲೆಂದು ಇನ್ನೂ ಸ್ವಲ್ಪ ಹಾಕಿಸಿಕೊಂಡೆ.

ಸವಾರಿಯ ಪ್ಯಾಂಟು ಬಿಗಿ. ಬಟ್ಟೆ ಒಗೆದು ಒಗೆದು ಕುಗ್ಗಿರಬೇಕು.

ಮೇ ೨೩, ಶುಕ್ರವಾರ

ತೂಕ ಹೆಚ್ಚು. ತುಂಬಾ ಹೆಚ್ಚು.

ಕೋರ್ಟಿನ ತೀರ್ಪು ಬಂತು. ಜಾಗ ಸರ್ಕಾರದ್ದು, ನೀತಿ ಮಾಡುವುದೂ ಅದರ ಹಕ್ಕು, ರೇಸ್‌ಕೋರ್ಸ್ ಬಿಟ್ಟುಕೊಡಬೇಕು. ಆದರೆ ನೂರಾರು ಜನರ ಬದುಕು ನಡೆದ ಜಾಗ ಎಂದು, ಬೀಗದ ಕೈ ಕೊಡುವ ಮುಂಚೆ ಒಂದೇ ಒಂದು ದಿನ ರೇಸ್ ನಡೆಸಲು ಸರ್ಕಾರ ಒಪ್ಪಿದೆ. ಜೂನ್ ಒಂದು. ಹೊಸ ಮೈದಾನದ ಮಾತು ಯಾರೂ ಎತ್ತುತ್ತಿಲ್ಲ.

ಟ್ರೈನರ್ ಫೋನ್ ಮಾಡಿದರು. ಕೊನೆಯ ರೇಸ್, ದೊಡ್ಡ ರೇಸ್, ಮುಂಗೋಪಿಯ ಮೇಲೆ ನಾನು. ಇಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ಹೆಂಡತಿ ಓದಬಾರದು. ಒಂಬತ್ತು ದಿನವಿದೆ. ಹಿಂದೆ ಇದಕ್ಕಿಂತ ಕಡಿಮೆ ಸಮಯದಲ್ಲಿ ಇಳಿಸಿದ್ದೇನೆ.

ಹೆಂಡತಿಗೆ ಹೇಳಿದೆ. ಒಂಬತ್ತೇ ದಿನ, ಆಮೇಲೆ ಜೀವಮಾನವೆಲ್ಲ ಒಟ್ಟಿಗೆ ಉಣ್ಣೋಣ, ಗುಬ್ಬಿಗೆ ನಾನು ಬಿಡಿಸಿ ಹೇಳುತ್ತೇನೆ ಎಂದೆ. ಅವಳು ಸಂಜೆ ಮೇಜಿನ ಮೇಲೆ ಎರಡೇ ತಟ್ಟೆ ಇಟ್ಟಳು. ಗುಬ್ಬಿ ನನ್ನ ಖಾಲಿ ಜಾಗ ನೋಡಿ, ಸರಿ ಅಪ್ಪಾ, ಅರ್ಥವಾಯಿತು ಎಂದಳು. ಜಾಣೆ.

ಮೇ ೨೫, ಭಾನುವಾರ

ಮಧ್ಯಾಹ್ನ ಎರಡು ಅಂಗಿ, ಮೇಲೆ ಪ್ಲಾಸ್ಟಿಕ್ ಜಾಕೆಟ್ ಹಾಕಿ ಲಾಯದ ಹಿಂದಿನ ರಸ್ತೆಯಲ್ಲಿ ಓಡುತ್ತಿದ್ದೆ. ಬೆವರು ಇಳಿದಷ್ಟೂ ಭಾರ ಇಳಿಯುತ್ತದೆ. ಗೋಡೆ ಮುಗಿಯುವ ತಿರುವಿನಲ್ಲಿ ಹಿಂದೆ ಹೆಜ್ಜೆ ಸದ್ದು. ಬೇರೆ ಯಾರೋ ಜಾಕಿ ಇರಬೇಕೆಂದು ತಿರುಗಿ ನೋಡಿದೆ.

ಗುಬ್ಬಿ. ಆ ಸುಡುಬಿಸಿಲಿನಲ್ಲಿ ಚಳಿಗಾಲದ ಎರಡು ಸ್ವೆಟರ್ ಹಾಕಿಕೊಂಡು, ಮೇಲೆ ಅಮ್ಮನ ಶಾಲು ಸುತ್ತಿಕೊಂಡು ಓಡಿ ಬರುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು. ನಾನು ನಿಂತದ್ದು ನೋಡಿ ಅವಳೂ ಅಷ್ಟು ದೂರದಲ್ಲೇ ನಿಂತಳು.

"ಏನೇ ಇದು?"

"ನೀನೂ ಓಡ್ತಿದೀಯಲ್ಲಪ್ಪಾ."

ನನಗೆ ರೇಸ್ ಇದೆ, ನಿನಗೇನು ಎಂದು ಕೇಳಿದೆ. ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ಆಮೇಲೆ ಹೇಳಿದಳು:

"ಅವತ್ತು ಒಂದೇ ಕೈಲಿ ಎತ್ತಿದೆಯಲ್ಲ, ಎಷ್ಟು ಖುಷಿಯಾಗಿದ್ದೆ ನೀನು. ಈಗ ನಾನು ಭಾರ ಆಗ್ತಿದೀನಿ."

ಅಲ್ಲೇ ರಸ್ತೆಯಲ್ಲಿ ಅವಳ ಶಾಲು ತೆಗೆದೆ, ಸ್ವೆಟರ್ ಒಂದೊಂದಾಗಿ ತೆಗೆದೆ. ಒಳಗಿನ ಅಂಗಿಯಲ್ಲಿ ಒಂದು ಹನಿ ಬೆವರಿರಲಿಲ್ಲ. ಬೆವರಲು ಅವಳ ಮೈಯಲ್ಲಿ ಏನೂ ಇಲ್ಲ. ನಾನು ಕಲ್ಲಿನ ಮೇಲೆ ಕೂತು ಅತ್ತೆ. ಹೋಗುವವರು ನೋಡಿದರು, ನೋಡಲಿ. ಗುಬ್ಬಿ ನನ್ನ ಪ್ಲಾಸ್ಟಿಕ್ ಜಾಕೆಟ್ಟಿನ ಬೆನ್ನು ಸವರುತ್ತ ನಿಂತಿದ್ದಳು. ಆಮೇಲೆ ಅವಳನ್ನು ಎತ್ತಿಕೊಂಡು ಬಂದೆ, ಎರಡೂ ಕೈಯಲ್ಲಿ.

ಮನೆಗೆ ಬಂದು ಹೆಂಡತಿಗೆ ಬಡಿಸು ಎಂದೆ. ಅವಳು ಏನೂ ಕೇಳದೆ ಮೂರು ತಟ್ಟೆ ಇಟ್ಟಳು. ಅನ್ನ, ಬೇಯಿಸಿದ ತರಕಾರಿ, ಮೊಟ್ಟೆ. ಉಂಡು ಕೈ ತೊಳೆದು ಟ್ರೈನರ್‌ಗೆ ಫೋನ್ ಮಾಡಿದೆ. ಎಷ್ಟಿಳಿಯಿತು ಎಂದು ಅವರೇ ಮೊದಲು ಕೇಳಿದರು.

"ಊಟ ಮಾಡ್ಬಿಟ್ಟೆ ಸರ್."

"ಒಂದು ಹೊತ್ತು ತಾನೇ, ನಾಳೆ ಇಳಿಸ್ಕೋ."

"ನಾಳೆನೂ ಮಾಡ್ತೀನಿ ಸರ್."

ನಾನು ರೇಸಿಗೆ ಇಳಿಯುವುದಿಲ್ಲ ಎಂದು ಅವರಿಗೆ ಅರ್ಥವಾಯಿತು. ಆಮೇಲೆ ಬಾಯಿಗೆ ಬಂದ ಹಾಗೆ ಬೈದರು. ಇಂಥ ಕುದುರೆ ಜೀವಮಾನಕ್ಕೊಂದು ಸಲ ಸಿಗುವುದು, ನಿನಗಾಗಿ ಮಾಲೀಕರ ಕೈಕಾಲು ಹಿಡಿದಿದ್ದೇನೆ, ನನ್ನ ಮುಖಕ್ಕೆ ಮಸಿ ಬಳಿದೆ ಎಂದರು. ಎಲ್ಲ ನಿಜ. ಕೊನೆಗೆ, ಮನೆಯಲ್ಲಿ ಎಲ್ಲ ಸರಿಯಿದೆಯೇನಯ್ಯಾ ಎಂದು ಕೇಳಿದರು. ಇಲ್ಲ ಸರ್ ಎಂದೆ.

ಜೂನ್ ೧, ಭಾನುವಾರ

ಬೆಳಗ್ಗೆಯಿಂದ ನಮ್ಮ ರಸ್ತೆಯಲ್ಲಿ ಜನವೋ ಜನ. ಇಷ್ಟು ದಿನ ರೇಸ್ ಕಡೆ ತಲೆ ಹಾಕದವರೂ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೊರಟಿದ್ದರು. ಹೋಗಬೇಕಾ ಬೇಡವಾ ಎಂದು ಹೆಂಡತಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂಗಿ ಹಾಕಿಕೊಂಡೆ, ತೆಗೆದೆ, ಮತ್ತೆ ಹಾಕಿಕೊಂಡೆ. ನನ್ನ ಬದಲು ಮುಂಗೋಪಿಯ ಮೇಲೆ ಕೂರುವವನು ಒಳ್ಳೆಯ ಹುಡುಗ, ಕೈ ಮೃದು. ಅವನಿಗೆ ಇದು ಸಿಕ್ಕಿದ್ದಕ್ಕೆ ಹೊಟ್ಟೆ ಉರಿಯುತ್ತದೆ. ಸುಳ್ಳು ಯಾಕೆ ಬರೆಯಲಿ.

ದೊಡ್ಡ ರೇಸಿನ ಹೊತ್ತಿಗೆ ನಾವು ಮೇಜಿಗೆ ಕೂತಿದ್ದೆವು. ಗುಬ್ಬಿಗೆ ಇವತ್ತು ಕಷ್ಟದ ದಿನ. ಮೊದಲ ತುತ್ತಿಗೇ ಅರ್ಧ ಗಂಟೆ. ಅನ್ನ ಆರಿತು, ಹೆಂಡತಿ ಬಿಸಿ ಮಾಡಿ ತಂದಳು. ಮತ್ತೆ ಆರಿತು, ಮತ್ತೆ ಬಿಸಿ ಮಾಡಿದಳು. ರೇಸ್‌ಕೋರ್ಸಿನ ಗದ್ದಲ ಕಿಟಕಿಯಿಂದ ಕೇಳುತ್ತಲೇ ಇತ್ತು. ಮೊದಲು ಸಣ್ಣಗೆ, ಕುದುರೆಗಳು ಹೊರಟಾಗ. ಆಮೇಲೆ ದೂರದ ತಿರುವಿನಲ್ಲಿ ಸ್ವಲ್ಪ ಮಂಕು. ನನ್ನ ತೊಡೆಗಳು ಮೇಜಿನ ಕೆಳಗೆ ತಾವೇ ಬಿಗಿದುಕೊಂಡವು. ಕೊನೆಯ ತಿರುವು ಬಂದಿರಬೇಕು. ಆಗ ಇಡೀ ಊರೇ ಕೂಗಿದ ಹಾಗೆ ಒಂದು ಕೂಗು ಎದ್ದು, ಬಹಳ ಹೊತ್ತು ನಿಂತು, ಇಳಿಯಿತು.

"ಅಪ್ಪಾ, ಬೇಜಾರಾ?" ಎಂದು ಗುಬ್ಬಿ ಕೇಳಿದಳು.

"ಹೂಂ. ತುಂಬಾ."

"ನನ್ನಿಂದಾನಾ?"

"ಅಲ್ಲ. ಬೇಜಾರು ನಂದು. ನೀನು ಊಟ ಮಾಡು."

ನನ್ನ ತಟ್ಟೆ ನೋಡಿದಳು. ನಾನು ತುತ್ತು ಎತ್ತಿದೆ, ಅಗಿದು ನುಂಗಿದೆ. ಅವಳು ಸ್ವಲ್ಪ ಯೋಚಿಸಿ ತಾನೊಂದು ತೆಗೆದುಕೊಂಡಳು. ಆಮೇಲೆ ಇನ್ನೊಂದು.

ಫೋನ್ ಎರಡು ಸಲ ಹೊಡೆದುಕೊಂಡಿತು, ಟ್ರೈನರ್ ಇರಬೇಕು, ಇಲ್ಲವೇ ಮೀಸೆ. ಯಾರೂ ಏಳಲಿಲ್ಲ. ಜನ ವಾಪಸ್ ಹೋಗುವ ಸದ್ದು ಕಿಟಕಿಯ ಕೆಳಗೆ ಹಾದುಹೋಯಿತು. ಯಾರೋ ಗೆದ್ದ ಕುದುರೆಯ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗುಬ್ಬಿ ನೀರು ಬೇಕೆಂದಳು, ಎದ್ದು ತರಲು ಹೋದೆ. ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಅವಳ ತಟ್ಟೆ ಖಾಲಿಯಾಗಿತ್ತು.

ಇನ್ನು ರಾತ್ರಿ ಊಟವಿದೆ.